ಸೊಟ್ಟ ಮುಚ್ಚಳವೂ ಮೂರು ಫಲಕಗಳೂ

ಗೋಳಮಾಪಕವನ್ನು ನೀವು ಖಂಡಿತ ಬಳಸಿರುತ್ತೀರಿ. ಮೂರು ಕಾಲು, ನಡುವೆ ಒಂದು ತಿರುಪು, ತಿರುಪಿನ ತಲೆಯ ಮೇಲೆ ನೂರು ಭಾಗಗಳನ್ನು ಗುರುತಿಸಿದ ಬಿಲ್ಲೆ. ಮೊದಲು ಅದನ್ನು ಗಾಜಿನ ಫಲಕದ ಮೇಲಿಟ್ಟು, ತಿರುಪಿನ ತುದಿ ಗಾಜನ್ನು ಮುಟ್ಟುವಂತೆ ಮಾಡಿ ಅಂಕಿಯನ್ನು ಬರೆದುಕೊಳ್ಳುತ್ತೇವೆ. ಆಮೇಲೆ ಮಸೂರದ ಮೇಲಿಟ್ಟು ಮತ್ತೆ ಬರೆದುಕೊಳ್ಳುತ್ತೇವೆ. ಎರಡರ ವ್ಯತ್ಯಾಸದಿಂದ ಮಸೂರದ ವಕ್ರತಾ ತ್ರಿಜ್ಯ ಸಿಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಅರ್ಧ ಗಂಟೆಯಲ್ಲಿ ಮುಗಿಸುವ ಪ್ರಯೋಗ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಈ ಪ್ರಯೋಗದ ನಡುವೆ ಎದ್ದು ನಿಂತು ಕೇಳಿದಳು: "ಸರ್, ಈ ಗಾಜು ಸಪಾಟಾಗಿದೆ ಅಂತ ನಮಗೆ ಹೇಗೆ ಗೊತ್ತು?" ಕಾರ್ಖಾನೆಯಲ್ಲಿ ಹಾಗೆ ಮಾಡಿ ಕಳುಹಿಸಿರುತ್ತಾರೆ ಎಂದೆ. "ಅವರಿಗೆ ಹೇಗೆ ಗೊತ್ತು?" ಇನ್ನೂ ಹೆಚ್ಚು ಸಪಾಟಾದ ಫಲಕದೊಡನೆ ಹೋಲಿಸಿರುತ್ತಾರೆ. "ಅದು ಸಪಾಟಾಗಿದೆ ಅಂತ?" ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಉದ್ದಕ್ಕೆ ಮೀಟರ್ ಇದೆ, ತೂಕಕ್ಕೆ ಕಿಲೋಗ್ರಾಂ ಇದೆ. ಅವುಗಳ ಮೂಲ ಯಾವುದೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಸಪಾಟು ಎಂಬುದರ ಮೂಲ ಯಾವುದು? ಜಗತ್ತಿನ ಮೊಟ್ಟಮೊದಲ ಸಪಾಟು ಫಲಕವನ್ನು ಯಾವುದರೊಡನೆ ಹೋಲಿಸಿ ನೋಡಿದರು? ಈ ಪ್ರಶ್ನೆಯ ಉತ್ತರವನ್ನು ನಾನು ಯಾವುದೇ ಪ್ರಯೋಗಶಾಲೆಯಲ್ಲಿ ಕಲಿಯಲಿಲ್ಲ. ಹೊಳಲಿನಲ್ಲಿ, ದನದ ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ, ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಬಿಚ್ಚಿ ಹರಡಿದ್ದಾಗ ಕಲಿತೆ.

ಮಾವನ ಕಾರು

ಹೊಳಲು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಊರು, ತುಂಗಭದ್ರೆಗೆ ಹತ್ತಿರ. ಅಲ್ಲಿ ನನ್ನ ಸೋದರಮಾವ ಒಂದು ಅಂಬಾಸಿಡರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ತಯಾರಿಸತೊಡಗಿದ ಈ ಕಾರಿನ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಮಾವನದು 1489 ಘನ ಸೆಂ.ಮೀ. ಪೆಟ್ರೋಲ್ ಎಂಜಿನ್ನಿನ ಹಳೆಯ ಗಾಡಿ. ಆ ಎಂಜಿನ್ನಿನ ಮೈಗೆ ಹಲವು ಮುಚ್ಚಳಗಳು. ಮೇಲೆ ಟ್ಯಾಪೆಟ್ ಕವರ್, ಮುಂದೆ ಟೈಮಿಂಗ್ ಚೈನನ್ನು ಮುಚ್ಚುವ ಟೈಮಿಂಗ್ ಕವರ್, ಪಕ್ಕದಲ್ಲಿ ಅಂಗೈಯಷ್ಟರ ಎರಡು ಸೈಡ್ ಕವರ್. ಎಲ್ಲವೂ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದವು. ಸೈಡ್ ಕವರನ್ನು ಹಿಡಿದಿಡುವುದು ನಟ್ಟನಡುವಿನ ಒಂದೇ ಬೋಲ್ಟು. ಮುಚ್ಚಳದ ಅಂಚಿಗೂ ಎಂಜಿನ್ನಿಗೂ ನಡುವೆ ಕಾರ್ಕಿನ ಪ್ಯಾಕಿಂಗ್.

1997ರ ಬೇಸಿಗೆ ರಜೆ. ನಾನಾಗ ಪಿಎಚ್.ಡಿ. ಸಂಶೋಧನೆಯಲ್ಲಿದ್ದೆ. ಸೈಡ್ ಕವರಿನಿಂದ ಎಣ್ಣೆ ಜಿನುಗುವುದನ್ನು ಕಂಡೆ. ಮಾವ ಊಟಕ್ಕೆ ಹೋದಾಗ ಪಾನಾ ತೆಗೆದುಕೊಂಡು ಬೋಲ್ಟನ್ನು ಗಟ್ಟಿಯಾಗಿ ಬಿಗಿದೆ. ಮರುದಿನ ಸೋರಿಕೆ ಹೆಚ್ಚಾಗಿತ್ತು. ಇನ್ನಷ್ಟು ಬಿಗಿದೆ. ಯಾರಿಗೂ ಹೇಳಲಿಲ್ಲ. ರಜೆ ಮುಗಿದು ನಾನು ಹೊರಟ ವಾರದಲ್ಲೇ, ಹೆರಿಗೆ ನೋವಿನ ಹೆಂಗಸೊಬ್ಬರನ್ನು ರಾತ್ರಿ ದಾವಣಗೆರೆಗೆ ಕರೆದೊಯ್ಯುವಾಗ ಹರಪನಹಳ್ಳಿ ದಾಟಿದ ಮೇಲೆ ಎಂಜಿನ್ ಹಿಡಿದುಕೊಂಡು ನಿಂತಿತು. ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಎಣ್ಣೆಯ ಒತ್ತಡ ತೋರಿಸುವ ಕೆಂಪು ದೀಪ ಮೊದಲೇ ಕೆಟ್ಟಿತ್ತು. ಹಿಂದೆ ಬಂದ ಲಾರಿಯವರು ಆ ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಕಾರು ಮಾತ್ರ ಎಳೆಸಿಕೊಂಡು ಬಂದು ಕೊಟ್ಟಿಗೆ ಸೇರಿ ಇಪ್ಪತ್ತು ವರ್ಷ ಅಲ್ಲೇ ಉಳಿಯಿತು.

ಮಾವನ ಮಗನಿಗೆ ಹಳೆಯ ಕಾರುಗಳ ಹುಚ್ಚು. ಎಂಜಿನ್ನನ್ನು ಹೊಸದಾಗಿ ಕಟ್ಟಿಸಬೇಕೆಂದು ಒಬ್ಬ ಮೇಸ್ತ್ರಿಯನ್ನು ಕರೆಸಿದ. ಹರಿಹರದ ಲೇತ್ ಕಾರ್ಖಾನೆಯಲ್ಲಿ ಹಿಂದೆ ಫಿಟರ್ ಆಗಿದ್ದವರು, ಅದು ಮುಚ್ಚಿದ ಮೇಲೆ ಎಂಜಿನ್ ಕೆಲಸಕ್ಕೆ ಇಳಿದವರು. ನಾನೂ ನೋಡಲು ಹೋಗಿದ್ದೆ. ಮೇಸ್ತ್ರಿ ಸೈಡ್ ಕವರನ್ನು ಬಿಚ್ಚಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ಸರ್, ಇದನ್ನ ಯಾವ ಪುಣ್ಯಾತ್ಮ ಬಿಗಿದಾನ್ರಿ?" ಎಂದರು.

ತಗಡು ಏಕೆ ಸೊಟ್ಟಗಾಗುತ್ತದೆ

ಲೆಕ್ಕವನ್ನು ನೀವೇ ಮಾಡಿ ನೋಡಿ. 20 ಸೆಂ.ಮೀ. ಉದ್ದದ ಪಾನಾದ ತುದಿಯನ್ನು 10 ಕೆಜಿ ತೂಕದಷ್ಟು ಬಲದಿಂದ, ಎಂದರೆ ಸುಮಾರು 100 ನ್ಯೂಟನ್‌ನಿಂದ ಎಳೆದರೆ ಟಾರ್ಕ್ 20 ನ್ಯೂಟನ್-ಮೀಟರ್. ಒಣ ಬೋಲ್ಟಿನಲ್ಲಿ ಈ ಟಾರ್ಕಿನ ಬಹುಪಾಲು ಘರ್ಷಣೆಗೇ ವ್ಯಯವಾಗುತ್ತದೆ. ಆದರೂ ಬೋಲ್ಟನ್ನು ಎಳೆಯುವ ಬಲ ಎಷ್ಟು? ಕಮ್ಮಟದವರು ಬಳಸುವ ಸ್ಥೂಲ ಸೂತ್ರದ ಪ್ರಕಾರ ಟಾರ್ಕನ್ನು ಬೋಲ್ಟಿನ ವ್ಯಾಸದ ಐದನೇ ಒಂದು ಭಾಗದಿಂದ ಭಾಗಿಸಬೇಕು. ವ್ಯಾಸ 8 ಮಿಮೀ ಆದರೆ ಬಲ 12,500 ನ್ಯೂಟನ್. ಅಂದರೆ ಒಂದೂಕಾಲು ಟನ್ ತೂಕ! ಅದನ್ನು ನಾನು ಅಂಗೈಯಷ್ಟು ತಗಡಿನ ನಡುಬಿಂದುವಿನ ಮೇಲೆ ಹೇರಿದ್ದೆ. ಇಂಥ ಮುಚ್ಚಳಕ್ಕೆ ಎರಡು ಮೂರು ನ್ಯೂಟನ್-ಮೀಟರ್ ಸಾಕು. ಎರಡು ಬೆರಳಿನಲ್ಲಿ ಪಾನಾ ಹಿಡಿದರೆ ಬರುವಷ್ಟು.

ನಡುಭಾಗ ಒಳಕ್ಕೆ ತಗ್ಗಿದಾಗ ಉದ್ದದ ಅಂಚುಗಳು ಬಿಲ್ಲಿನಂತೆ ಬಾಗಿ, ಬೋಲ್ಟಿನಿಂದ ದೂರದ ಮೂಲೆಗಳು ಎಂಜಿನ್ನಿನ ಮೈ ಬಿಟ್ಟು ಮೇಲೇಳುತ್ತವೆ. ಎಣ್ಣೆ ಅಲ್ಲಿಂದ ಹೊರಬರುತ್ತದೆ. ಎಣ್ಣೆ ಕಂಡವನು ಮತ್ತೆ ಬಿಗಿಯುತ್ತಾನೆ, ಮೂಲೆ ಇನ್ನಷ್ಟು ಏಳುತ್ತದೆ. ಪೀಡನವು ಸ್ಥಿತಿಸ್ಥಾಪಕತೆಯ ಮಿತಿಯೊಳಗಿದ್ದರೆ ಬೋಲ್ಟು ಸಡಿಲಿಸಿದೊಡನೆ ತಗಡು ಮೊದಲಿನಂತಾಗುತ್ತಿತ್ತು. ಮಿತಿ ಮೀರಿದ್ದರಿಂದ ಸೊಟ್ಟು ಶಾಶ್ವತವಾಯಿತು. ಹುಕ್‌ನ ನಿಯಮವನ್ನು ವರ್ಷವರ್ಷವೂ ಪಾಠ ಮಾಡುವವನು ಇದನ್ನು ಮೇಸ್ತ್ರಿಯ ಬಾಯಿಂದ ಕೇಳಬೇಕಾಯಿತು.

ಅಲ್ಯೂಮಿನಿಯಂ ಎರಕದ ಭಾಗಗಳ ಕಥೆ ಬೇರೆ. ಅಲ್ಲಿ ಸೊಟ್ಟಿಗೆ ಕೈಗಿಂತ ಶಾಖವೇ ಹೆಚ್ಚು ಕಾರಣ. ಹಳೆಯ ಫಿಯೆಟ್ 1100, ಅದರದೇ ಮುಂದಿನ ರೂಪವಾದ ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ ಬ್ಲಾಕು ಎರಕದ ಕಬ್ಬಿಣದ್ದು, ಅದರ ಮೇಲಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಮಿನದು. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 23 ಮೈಕ್ರೋಮೀಟರ್ ಹಿಗ್ಗಿದರೆ ಎರಕದ ಕಬ್ಬಿಣ ಹಿಗ್ಗುವುದು 11ರ ಆಸುಪಾಸು. ಹೆಡ್ಡಿನ ಉದ್ದ 40 ಸೆಂ.ಮೀ. ಎಂದೂ ಎಂಜಿನ್ 80 ಡಿಗ್ರಿಯಷ್ಟು ಬಿಸಿಯೇರಿತು ಎಂದೂ ಇಟ್ಟುಕೊಳ್ಳಿ. ಅಲ್ಯೂಮಿನಿಯಂ 0.74 ಮಿಮೀ, ಕಬ್ಬಿಣ 0.35 ಮಿಮೀ ಬೆಳೆಯುತ್ತವೆ. ಉಳಿದ 0.39 ಮಿಮೀ ಎಲ್ಲಿಗೆ ಹೋಗಬೇಕು? ಬೋಲ್ಟುಗಳು ಕೆಳಕ್ಕೆ ಬಿಗಿದು ಹಿಡಿದಿವೆ. ರೇಡಿಯೇಟರಿನ ನೀರು ಬತ್ತಿ ಎಂಜಿನ್ ಅತಿಯಾಗಿ ಕಾದರೆ ಹೆಡ್ಡು ನಡುವೆ ಗೂನಾಗುತ್ತದೆ. ಎರಕ ಹೊಯ್ದ ದಿನದಿಂದಲೂ ಲೋಹದೊಳಗೆ ಉಳಿದುಕೊಂಡ ಪೀಡನಗಳೂ ಇದಕ್ಕೆ ಕೈ ಜೋಡಿಸುತ್ತವೆ. ಇಂಥ ಹೆಡ್ಡಿನ ಮೈಯಲ್ಲಿ ಸಾಮಾನ್ಯವಾಗಿ 0.05ರಿಂದ 0.1 ಮಿಮೀಗಿಂತ ಹೆಚ್ಚಿನ ಏರುಪೇರನ್ನು ಒಪ್ಪುವುದಿಲ್ಲ. ನಿಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಅಷ್ಟೇ.

ನಮ್ಮ ರಾಜ್ಯದಲ್ಲೇ ಹುಟ್ಟಿದ ಹಳೆಯ ಎಂಜಿನ್ ಬೇಕೆಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳಿವೆ. 1961ರಿಂದ 1996ರವರೆಗೆ ತಯಾರಾದ ಈ ಗಾಡಿಗಳನ್ನು ಇಂದಿಗೂ ಬಿಚ್ಚಿ ಕಟ್ಟುವವರಿದ್ದಾರೆ. ಅವುಗಳ ಅಲ್ಯೂಮಿನಿಯಂ ಮುಚ್ಚಳಗಳಿಗೆ ಆಗುವ ದೊಡ್ಡ ಅನ್ಯಾಯವೆಂದರೆ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟಿ ತೆಗೆಯುವುದು. ಮೀಟಿದಲ್ಲೆಲ್ಲ ಲೋಹ ಉಬ್ಬಿ ನಿಲ್ಲುತ್ತದೆ. ಮನೆಯಲ್ಲಿ ಯೆಜ್ಡಿ ಇದ್ದವರು ಇದೊಂದನ್ನು ನೆನಪಿಡಬೇಕು.

ಗಾಜಿನ ಮೇಲಿನ ಕೆಲಸ

ಮೇಸ್ತ್ರಿಯ ಬಳಿ ಹಳೆಯ ಅಂಗಡಿಯ ಷೋಕೇಸಿನಿಂದ ಬಂದ ದಪ್ಪ ಗಾಜೊಂದಿತ್ತು. ಕಡಪ ಕಲ್ಲಿನ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಗಾಜನ್ನು ಇಟ್ಟರು. ಕೆಳಗೆ ಆಧಾರವಿಲ್ಲದಿದ್ದರೆ ಗಾಜು ತನ್ನ ಭಾರಕ್ಕೇ ಬಾಗುತ್ತದೆ. ಪ್ಯಾಕಿಂಗಿನ ಹಳೆಯ ಚೂರುಗಳನ್ನು ಕೆರೆದು ತೆಗೆದ ಟೈಮಿಂಗ್ ಕವರನ್ನು ಅದರ ಮೇಲೆ ಬೋರಲು ಹಾಕಿ, ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿದರು. ಒಂದು ಮೂಲೆಯಲ್ಲಿ 'ಟಕ್' ಎಂಬ ಸದ್ದು. ಫೀಲರ್ ಗೇಜಿನ ತೆಳು ಪಟ್ಟಿಗಳನ್ನು ಅಂಚಿನ ಕೆಳಗೆ ತೂರಿಸುತ್ತ ಎಲ್ಲೆಲ್ಲಿ ಎಷ್ಟೆಷ್ಟು ಸಂದಿಯಿದೆ ಎಂದು ಸೀಮೆಸುಣ್ಣದಲ್ಲಿ ಬರೆದರು.

ತಗಡಿನ ಮುಚ್ಚಳಗಳಲ್ಲಿ ಮೊದಲ ಸೊಟ್ಟು ಬೋಲ್ಟಿನ ತೂತುಗಳ ಸುತ್ತ. ಬಿಗಿದು ಬಿಗಿದು ಅಲ್ಲಿ ಸಣ್ಣ ಬಟ್ಟಲಿನಂತೆ ಕುಳಿ ಬಿದ್ದಿರುತ್ತದೆ. ಮುಚ್ಚಳವನ್ನು ತಿರುವಿ, ಅಂಚನ್ನು ಸಪಾಟು ಕಬ್ಬಿಣದ ತುಂಡಿನ ಮೇಲಿಟ್ಟು, ಉಬ್ಬಿದ ಕಡೆ ಚಿಕ್ಕ ಸುತ್ತಿಗೆಯಿಂದ ನಾಲ್ಕೈದು ಮೆತ್ತನೆಯ ಪೆಟ್ಟು. ಮತ್ತೆ ಗಾಜಿನ ಮೇಲೆ ಪರೀಕ್ಷೆ. ಬಿಲ್ಲಿನಂತೆ ಬಾಗಿದ ಸೈಡ್ ಕವರನ್ನು ಎರಡು ಮರದ ತುಂಡುಗಳ ನಡುವೆ ವೈಸಿನಲ್ಲಿ ಹಿಡಿದು ಎದುರು ದಿಕ್ಕಿಗೆ ಬಗ್ಗಿಸಿದರು. ನೇರವಾಗುವಷ್ಟೇ ಬಗ್ಗಿಸಿದರೆ ಸಾಲದು. ಬಿಟ್ಟೊಡನೆ ಅದು ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಚಿಮ್ಮುತ್ತದೆಂದು ಅಂದಾಜಿಸಿ ಅಷ್ಟು ಹೆಚ್ಚು ಬಗ್ಗಿಸಬೇಕು. ಮೂರನೆಯ ಸಲಕ್ಕೆ ಸರಿಹೋಯಿತು.

ನೀರು ಹೊರಹೋಗುವ ಕೊಳವೆಯ ಅಲ್ಯೂಮಿನಿಯಂ ಮುಚ್ಚಳಕ್ಕೆ ಸುತ್ತಿಗೆ ನಡೆಯದು, ಎರಕ ಒಡೆಯುತ್ತದೆ. ಅದಕ್ಕೆ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಸ್ವಲ್ಪ ಸೀಮೆಎಣ್ಣೆ ಹನಿಸಿ, ಎಂಟರ ಆಕಾರದಲ್ಲಿ ಉಜ್ಜಿದರು. ಉಜ್ಜುವ ಮೊದಲು ಮುಖದ ತುಂಬ ಪೆನ್ನಿನಿಂದ ಅಡ್ಡಗೀರು ಎಳೆದಿದ್ದರು. ಎತ್ತರದ ಕಡೆ ಗೀರು ಮೊದಲು ಅಳಿಸಿಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲ ಗೀರೂ ಅಳಿಸಿದಾಗ ಕೆಲಸ ಮುಗಿದಂತೆ. ದೊಡ್ಡ ಎರಕದ ಭಾಗ ತೀರ ಗೂನಾಗಿದ್ದರೆ ಉಜ್ಜಿ ಉಜ್ಜಿ ಸವೆಸಬಾರದು. ದಪ್ಪ ಉಕ್ಕಿನ ಫಲಕಕ್ಕೆ ಅದನ್ನು ಬಿಗಿದು, ಎರಡು ತುದಿಗಳ ಕೆಳಗೆ ತೆಳು ಪಟ್ಟಿ ಕೊಟ್ಟು, ಒಲೆಯಲ್ಲಿ ನಿಧಾನವಾಗಿ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟು ನೇರ ಮಾಡುವ ಕ್ರಮವಿದೆ. ಅದು ಅನುಭವಿಗಳ ಕೆಲಸ.

ನಾನು ಸುಮ್ಮನಿರಲಾರದೆ ಕೇಳಿದೆ: "ಮೇಸ್ತ್ರಿಗಳೇ, ಈ ಗಾಜು ಸಪಾಟೈತಿ ಅಂತ ನಿಮಗ ಹೆಂಗ ಗೊತ್ತು?" ಅವರು ನಕ್ಕು ಒಳಗಿನಿಂದ ಚೀಲದಲ್ಲಿ ಸುತ್ತಿಟ್ಟ ಎರಕದ ಕಬ್ಬಿಣದ ಚಿಕ್ಕ ಸರ್ಫೇಸ್ ಪ್ಲೇಟ್ ತಂದರು. ಎಣ್ಣೆ ಸವರಿದ ಅದರ ಮೈಮೇಲೆ ಮೀನಿನ ಪೊರೆಯಂತೆ ಸಾಲುಸಾಲು ಗುರುತುಗಳು. "ಇದಕ್ಕ ಹಚ್ಚಿ ನೋಡೀನ್ರಿ. ಇದನ್ನ ನಾನಽ ಹೆರೆದದ್ದು. ಇದರ ಜತಿ ಇನ್ನೂ ಎರಡು ಇದ್ದವು. ಎರಡರಾಗ ಆಗೂದಿಲ್ರಿ ಈ ಕೆಲಸ, ಮೂರಽ ಬೇಕು."

ಎರಡು ಸಾಲದು

ಮೂರೇ ಏಕೆ ಬೇಕು? ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ ಹಾಕಿ ಉಜ್ಜುತ್ತ ಹೋದರೆ ಮೇಲಿನದು ನಿಮ್ನವಾಗುತ್ತದೆ, ಕೆಳಗಿನದು ಪೀನವಾಗುತ್ತದೆ. ಹವ್ಯಾಸಿಗಳು ದೂರದರ್ಶಕದ ದರ್ಪಣವನ್ನು ತಯಾರಿಸುವುದೇ ಹೀಗೆ. ಅಜ್ಜಿಯ ಕಾಲದ ಬೀಸುಕಲ್ಲಿನ ಜೋಡಿಯನ್ನು ಬೇರ್ಪಡಿಸಿ ನೋಡಿದರೂ ಇಂಥದ್ದೇ ಏರುತಗ್ಗು ಕಾಣಬಹುದು. ಎರಡು ಮೈಗಳು ಒಂದಕ್ಕೊಂದು ಕೂದಲೂ ನುಸುಳದಂತೆ ಕೂತರೆ ಅವು ಸಪಾಟು ಎಂದು ಅರ್ಥವಲ್ಲ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಮ ಎಂದಷ್ಟೇ ಅರ್ಥ.

ಈಗ ಮೂರು ಫಲಕ ತೆಗೆದುಕೊಳ್ಳಿ: ಕ, ಖ, ಗ. ಉಬ್ಬನ್ನು ಧನ, ತಗ್ಗನ್ನು ಋಣ ಎಂದು ಎಣಿಸಿ. ಕ ಮತ್ತು ಖ ಕೂತರೆ ಕ + ಖ = 0. ಕ ಮತ್ತು ಗ ಕೂತರೆ ಕ + ಗ = 0. ಅಂದರೆ ಕ ಉಬ್ಬಾಗಿದ್ದರೆ ಖ, ಗ ಎರಡೂ ತಗ್ಗು. ಆ ಎರಡು ತಗ್ಗುಗಳನ್ನು ಎದುರುಬದುರು ಇಟ್ಟರೆ ನಡುವೆ ಪೊಳ್ಳು ಬೀಳುತ್ತದೆ. ಮೂರು ಜೋಡಿಗಳೂ ಸಂದಿಲ್ಲದೆ ಕೂರಬೇಕಾದರೆ ಖ + ಗ = 0 ಕೂಡ ಆಗಬೇಕು. ಮೂರು ಸಮೀಕರಣಗಳನ್ನು ಬಿಡಿಸಿದರೆ ಸಿಗುವುದು ಒಂದೇ ಉತ್ತರ: ಕ = ಖ = ಗ = 0. ಮೊದಲೇ ಸಿದ್ಧವಾದ ಸಪಾಟು ಫಲಕ ಯಾವುದೂ ಬೇಕಿಲ್ಲ. ಮೂರು ಸೊಟ್ಟ ಫಲಕಗಳು ಪರಸ್ಪರ ತಿದ್ದಿಕೊಂಡು ಸಪಾಟಾಗುತ್ತವೆ!

ಈ ಉಪಾಯವನ್ನು ಕ್ರಮಬದ್ಧವಾಗಿ ಲೋಕದ ಮುಂದಿಟ್ಟವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ (1803–1887). ಲಂಡನ್ನಿನ ಹೆನ್ರಿ ಮಾಡ್‌ಸ್ಲಿ (1771–1831) ತನ್ನ ಕಮ್ಮಟದಲ್ಲಿ ಕೆಲಸಗಾರರ ಮೇಜುಗಳ ಮೇಲೆ ಸಪಾಟು ಫಲಕಗಳನ್ನು ಇಡಿಸಿ, ಮಾಡಿದ ಭಾಗವನ್ನು ಅದಕ್ಕೆ ಹಚ್ಚಿ ಪರೀಕ್ಷಿಸುವ ರೂಢಿ ಹಾಕಿದ್ದ. ವಿಟ್‌ವರ್ತ್ ತರುಣನಾಗಿ ಅಲ್ಲಿ ದುಡಿದ. ಬ್ಯಾಬೇಜನ ಗಣನಯಂತ್ರದ ಭಾಗಗಳನ್ನು ಮಾಡುತ್ತಿದ್ದ ಕ್ಲೆಮೆಂಟನ ಕಮ್ಮಟದಲ್ಲೂ ದುಡಿದ. 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ಕಮ್ಮಟ ತೆರೆದ. 1840ರಲ್ಲಿ ಗ್ಲಾಸ್ಗೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನಾಭಿವೃದ್ಧಿ ಸಂಘದ ಸಭೆಯಲ್ಲಿ ಲೋಹದ ಸಪಾಟು ಫಲಕಗಳ ಬಗ್ಗೆ ಪ್ರಬಂಧ ಓದಿದ.

ಅವನ ವಾದದಲ್ಲಿ ಇನ್ನೊಂದು ಅಂಶವಿತ್ತು, ಅದೇ ಅಂದಿನವರಿಗೆ ಹೊಸದು. ಫಲಕಗಳನ್ನು ಪುಡಿ ಹಾಕಿ ಉಜ್ಜಬೇಡಿ, ಹೆರೆಯಿರಿ ಎಂದ. ಪುಡಿ ಎಲ್ಲ ಕಡೆ ಸಮನಾಗಿ ನಿಲ್ಲುವುದಿಲ್ಲ. ಎತ್ತರವನ್ನು ತಿಂದಂತೆ ತಗ್ಗನ್ನೂ ತಿನ್ನುತ್ತದೆ. ಒಂದು ಫಲಕಕ್ಕೆ ತೆಳುವಾಗಿ ಬಣ್ಣ ಸವರಿ ಇನ್ನೊಂದನ್ನು ಅದರ ಮೇಲೆ ಮೆಲ್ಲನೆ ಆಡಿಸಿದರೆ ಎತ್ತರದ ಬಿಂದುಗಳಿಗೆ ಮಾತ್ರ ಬಣ್ಣ ತಗಲುತ್ತದೆ. ಆ ಬಿಂದುಗಳನ್ನಷ್ಟೇ ಗಟ್ಟಿ ಉಕ್ಕಿನ ಸ್ಕ್ರೇಪರಿನಿಂದ ಕೆಲವು ಮೈಕ್ರೋಮೀಟರಿನಷ್ಟು ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಹೆರೆತ. ಒಂದು ಅಂಗುಲ ಚೌಕದಲ್ಲಿ ಮೊದಲು ಎರಡೋ ಮೂರೋ ಚುಕ್ಕೆ ಕಾಣುತ್ತವೆ. ಇಪ್ಪತ್ತು ದಾಟಿದರೆ ಒಳ್ಳೆಯ ಕೆಲಸ. ಮೇಸ್ತ್ರಿಯ ಫಲಕದ ಮೇಲಿನ ಮೀನಿನ ಪೊರೆ ಇದೇ ಹೆರೆತದ ಗುರುತು. ಅವರು ಬಳಸುವ ಬಣ್ಣ ಪ್ರಷ್ಯನ್ ನೀಲಿ.

ನೀಲಿಯ ಬದಲು ಕೆಂಪು ಹಚ್ಚಿದ್ದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಕಲ್ಲು ಕೆಲಸದವರು ನೇರ ಹಲಗೆಗೆ ಕಾವಿ ಬಳಿದು, ಕೆತ್ತಿದ ಕಲ್ಲಿನ ಮೇಲೆ ಆಡಿಸಿ, ಕೆಂಪು ಹತ್ತಿದ ಉಬ್ಬುಗಳನ್ನು ಉಳಿಯಿಂದ ತೆಗೆಯುತ್ತಿದ್ದರು. ಹೊಳಲಿನ ನೆರೆಯ ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿಯ ಕಲ್ಲೇಶ್ವರ ಗುಡಿಗಳು 11ನೇ ಶತಮಾನದ ಚಾಲುಕ್ಯರ ಕಾಲದವು. ಅಲ್ಲಿ ಕಲ್ಲಿನ ಮೇಲೆ ಕಲ್ಲು ಕೂತ ಸಂದುಗಳನ್ನು ಒಮ್ಮೆ ಬೆರಳಾಡಿಸಿ ನೋಡಿ. ಆ ಶಿಲ್ಪಿಗಳಿಗೆ ಸಪಾಟು ಮಾಡುವುದು ಗೊತ್ತಿತ್ತು. ವಿಟ್‌ವರ್ತ್ ಸೇರಿಸಿದ್ದು ಮೂರನೆಯ ಫಲಕವನ್ನು ಮತ್ತು ಅದರಿಂದ ಬಂದ ನಿಖರತೆಯನ್ನು. ಅಂಗುಲದ ಹತ್ತು ಲಕ್ಷದ ಒಂದು ಭಾಗದ ಅಂತರವನ್ನು ಗುರುತಿಸುತ್ತದೆಂದು ಅವನು ಹೇಳಿಕೊಂಡ ಅಳತೆಯ ಯಂತ್ರ 1851ರ ಲಂಡನ್ ಮಹಾಪ್ರದರ್ಶನದಲ್ಲಿತ್ತು. ಅಷ್ಟೆಂದರೆ ಸುಮಾರು 25 ನ್ಯಾನೋಮೀಟರ್.

ಮೂರು ಫಲಕಗಳ ವಿಧಾನದಲ್ಲಿ ಒಂದು ಮೋಸ ಅಡಗಿದೆ. ಕುದುರೆಯ ಜೀನಿನ ಆಕಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಎದುರುಬದುರಿನ ಎರಡು ಮೂಲೆ ಮೇಲೆ, ಉಳಿದೆರಡು ಮೂಲೆ ಕೆಳಗೆ. ಒಂದೇ ರೀತಿ ತಿರುಚಿದ ಇಂಥ ಎರಡು ಚೌಕ ಫಲಕಗಳನ್ನು ಪುಸ್ತಕ ಮುಚ್ಚಿದಂತೆ ಒಂದರ ಮೇಲೊಂದು ಬೋರಲು ಹಾಕಿದರೆ ಒಂದರ ಎತ್ತರದ ಮೂಲೆ ಇನ್ನೊಂದರ ತಗ್ಗಿನ ಮೂಲೆಗೆ ಬಂದು ಪೂರ್ತಿಯಾಗಿ ಕೂತುಬಿಡುತ್ತದೆ. ಮೂರು ಫಲಕಗಳೂ ಒಂದೇ ತಿರುಚಿನವಾದರೆ ಮೂರು ಜೋಡಿಗಳೂ ಕೂರುತ್ತವೆ, ಒಂದೂ ಸಪಾಟಲ್ಲ! ಕಾಗದದ ಚೌಕಗಳ ಮೂಲೆಗಳಿಗೆ ಧನ, ಋಣ ಚಿಹ್ನೆ ಬರೆದು ನೀವೇ ನೋಡಬಹುದು. ಮದ್ದು ಸರಳ. ಮೇಲಿನ ಫಲಕವನ್ನು 90 ಡಿಗ್ರಿ ತಿರುಗಿಸಿ ಮತ್ತೆ ಹಚ್ಚಬೇಕು. ಆಗ ಎತ್ತರಕ್ಕೆ ಎತ್ತರ ಬಂದು ಫಲಕ ಅಲ್ಲಾಡುತ್ತದೆ. ಇದನ್ನು ನಾನು ಮೇಸ್ತ್ರಿಗೆ ಬೀಜಗಣಿತದಲ್ಲಿ ವಿವರಿಸತೊಡಗಿದಾಗ, "ಹೌದ್ರಿ, ಅಡ್ಡ ತಿರುಗಿಸಿ ಹಚ್ಚಬೇಕು" ಎಂದು ಮುಗಿಸಿದರು.

ಹೊಳೆಯ ಮೇಲಿನ ಊರು

ಹೊಳಲಿನಿಂದ ತುಂಗಭದ್ರೆಯ ಗುಂಟ ಮೇಲಕ್ಕೆ ಹೋದರೆ ಹರಿಹರ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಳಗದ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಹುಟ್ಟಿದ್ದು ಇಲ್ಲಿ. ಎರಡನೇ ಮಹಾಯುದ್ಧದ ದಿನಗಳು. ಹೊರದೇಶದ ಯಂತ್ರಗಳು ಹಡಗೇರಿ ಬರುವುದು ದುಸ್ತರವಾಗಿತ್ತು. ಲೇತ್ ಯಂತ್ರವನ್ನು ಇಲ್ಲೇ ಮಾಡಬೇಕೆಂದರೆ ಅದರ ಹಾಸು ಸಪಾಟಾಗಿರಬೇಕು. ಹಾಸಿನಲ್ಲಿ ಸೊಟ್ಟಿದ್ದರೆ ಆ ಲೇತಿನಲ್ಲಿ ಕಡೆದ ಪ್ರತಿ ಭಾಗಕ್ಕೂ ಅದು ಇಳಿಯುತ್ತದೆ. ಆದ್ದರಿಂದ ಹಾಸುಗಳನ್ನು ನೀಲಿ ಹಚ್ಚಿ ಕೈಯಿಂದ ಹೆರೆಯುವ ಫಿಟರುಗಳ ಒಂದು ಪೀಳಿಗೆ ಅಲ್ಲಿ ತಯಾರಾಯಿತು. ಹಾಗೆ ಹೆರೆದ ಮೈಗೆ ಇನ್ನೊಂದು ಗುಣವಿದೆ. ಚುಕ್ಕೆಗಳ ನಡುವಿನ ತಗ್ಗುಗಳಲ್ಲಿ ಎಣ್ಣೆ ನಿಂತು, ಜಾರುವ ಭಾಗಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಸ್ವಾತಂತ್ರ್ಯಾನಂತರ 1953ರಲ್ಲಿ ಬೆಂಗಳೂರಿನಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಸ್ಥಾಪನೆಯಾಯಿತು. ಗಡಿಯಾರದಿಂದ ಜನಪ್ರಿಯವಾದ ಈ ಸಂಸ್ಥೆ ಹುಟ್ಟಿದ್ದು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. 1962ರಲ್ಲಿ ಬೆಂಗಳೂರಿನಲ್ಲೇ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಇಂದಿನ ಸಿ.ಎಂ.ಟಿ.ಐ., ಆರಂಭವಾಯಿತು. ಇಂಥ ಕಡೆಯ ಅಳತೆಯ ಕೋಣೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತಾರೆ, ಏಕೆಂದರೆ ಯಂತ್ರಭಾಗಗಳ ಅಳತೆಗೆ ಜಗತ್ತು 1931ರಲ್ಲಿ ಒಪ್ಪಿಕೊಂಡ ಉಷ್ಣತೆ ಅದು. ಇಂದು ಕಾರ್ಖಾನೆಗಳ ಅಳತೆಯ ಫಲಕಗಳು ಹೆಚ್ಚಾಗಿ ಕಪ್ಪು ಗ್ರಾನೈಟಿನವು. ಕಲ್ಲಿಗೆ ತುಕ್ಕಿಲ್ಲ, ಕಬ್ಬಿಣಕ್ಕಿಂತ ಕಡಿಮೆ ಹಿಗ್ಗುತ್ತದೆ. ಪೆಟ್ಟು ಬಿದ್ದಲ್ಲಿ ಕಬ್ಬಿಣ ಉಬ್ಬುತ್ತದೆ, ಕಲ್ಲು ಸಿಡಿದು ತಗ್ಗಾಗುತ್ತದೆ. ತಗ್ಗು ಅಳತೆಯನ್ನು ಕೆಡಿಸದು.

ಹರಿಹರದ ಲೇತ್ ಕಾರ್ಖಾನೆ 2000ರ ದಶಕದ ಆರಂಭದಲ್ಲಿ ಮುಚ್ಚಿತು. ಅಲ್ಲಿಂದ ಹೊರಬಿದ್ದ ಫಿಟರುಗಳು ಪಂಪ್‌ಸೆಟ್, ಟ್ರಾಕ್ಟರ್, ಹಳೆಯ ಕಾರು ಎಂದು ಸಿಕ್ಕ ಕೆಲಸ ಹಿಡಿದರು. ನಮ್ಮ ಮೇಸ್ತ್ರಿ ಹೊಸ ಹುಡುಗರಿಗೆ ಹೆರೆಯುವುದನ್ನು ಕಲಿಸಲು ಎರಡು ಸಲ ಪ್ರಯತ್ನಿಸಿದರಂತೆ. ಒಂದು ಅಂಗುಲ ಚೌಕದಲ್ಲಿ ಇಪ್ಪತ್ತು ಚುಕ್ಕೆ ಬರುವವರೆಗೆ ಕೂರುವ ತಾಳ್ಮೆ ಯಾರಿಗೂ ಇರಲಿಲ್ಲ. ಈಗ ಗ್ರೈಂಡಿಂಗ್ ಯಂತ್ರಗಳಿವೆ, ಆ ಕೆಲಸ ಅಷ್ಟಾಗಿ ಬೇಕಾಗಿಯೂ ಇಲ್ಲ ಎನ್ನುವವರಿದ್ದಾರೆ. ಆ ಗ್ರೈಂಡಿಂಗ್ ಯಂತ್ರದ ಹಾಸು ಸವೆದಾಗ ಏನು ಮಾಡುತ್ತಾರೆಂದು ನಾನು ಅವರನ್ನು ಕೇಳುತ್ತೇನೆ.

ನೀರು ಕೊಟ್ಟ ಸಪಾಟು

ಮೇಸ್ತ್ರಿಯ ಷೋಕೇಸ್ ಗಾಜಿನ ವಿಚಾರ ಬಾಕಿ ಉಳಿಯಿತು. ಅದನ್ನು ಯಾರೂ ಹೆರೆದಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಅಲಾಸ್ಟೇರ್ ಪಿಲ್ಕಿಂಗ್ಟನ್ ರೂಪಿಸಿ 1959ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಬಿಡುತ್ತಾರೆ. ದ್ರವದ ಮೇಲ್ಮೈಯನ್ನು ಗುರುತ್ವವೇ ಮಟ್ಟ ಮಾಡುತ್ತದೆ. ಆ ಮಟ್ಟದಲ್ಲೇ ಗಾಜು ಗಟ್ಟಿಯಾಗುತ್ತದೆ. ಲಾರ್ಡ್ ರ‍್ಯಾಲೆ 1893ರಷ್ಟು ಹಿಂದೆಯೇ ನಿಶ್ಚಲ ನೀರಿನ ಮೇಲ್ಮೈಯನ್ನು ಮಾದರಿಯಾಗಿಟ್ಟು ಗಾಜಿನ ಸಪಾಟನ್ನು ವ್ಯತಿಕರಣ ಪಟ್ಟೆಗಳಿಂದ ಪರೀಕ್ಷಿಸಿದ್ದ. ಸೋಡಿಯಂ ದೀಪದ ತರಂಗದೂರ 589 ನ್ಯಾನೋಮೀಟರ್. ಒಂದು ಪಟ್ಟೆಯಿಂದ ಮುಂದಿನ ಪಟ್ಟೆಗೆ ಸಂದಿಯಲ್ಲಾಗುವ ಬದಲಾವಣೆ ಅದರ ಅರ್ಧ.

ಭೂಮಿಯೇ ಗುಂಡಗಿರುವಾಗ ನೀರಿನ ಮೈ ಸಪಾಟು ಹೇಗೆ ಎನ್ನುತ್ತೀರಾ? 30 ಸೆಂ.ಮೀ. ಅಗಲದ ಬೋಗುಣಿಯಲ್ಲಿ ನಡುಭಾಗ ಅಂಚಿಗಿಂತ ಎಷ್ಟು ಎತ್ತರ? ಬೋಗುಣಿಯ ತ್ರಿಜ್ಯದ ವರ್ಗವನ್ನು ಭೂಮಿಯ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಸುಮಾರು 1.8 ನ್ಯಾನೋಮೀಟರ್. ಆ ಕೊರತೆಯನ್ನು ಕ್ಷಮಿಸಬಹುದು.

ಅಂಬಾಸಿಡರ್ ಎಂಜಿನ್ ಶುರುವಾದ ದಿನ ಮಾವ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎರಡು ಗಂಟೆ ಓಡಿಸಿದರೂ ಸೈಡ್ ಕವರಿನಿಂದ ಒಂದು ಹನಿ ಎಣ್ಣೆ ಬೀಳಲಿಲ್ಲ. ಕೊನೆಗೂ ನಾನು ಬಾಯಿಬಿಟ್ಟೆ. "ನೀನಽ ಬಿಗಿದಿ ಅಂತ ನನಗ ಅವತ್ತಽ ಗೊತ್ತಿತ್ತು, ಅಳಿಯಾ. ಡಾಕ್ಟ್ರೇಟ್ ಮಾಡಾಂವಗ ಏನಂತ ಹೇಳ್ಲಿ ಅಂತ ಸುಮ್ಮನಿದ್ದೆ" ಎಂದರು.

ಇದೆಲ್ಲ ಆ ವಿದ್ಯಾರ್ಥಿನಿಗೆ ಉತ್ತರ ಹೇಳಲು ನನ್ನ ಬಳಿ ಇದ್ದ ಸಾಮಗ್ರಿ. ಮರುವಾರ ಅಂಗೈಯಗಲದ ಮೂರು ಚೌಕ ಗಾಜು, ಸ್ವಲ್ಪ ಕಾರ್ಬೊರಂಡಂ ಪುಡಿ ಕೊಟ್ಟೆ. ಕಬ್ಬಿಣ ಹೆರೆಯುವುದು ಪ್ರಯೋಗಶಾಲೆಯಲ್ಲಿ ಆಗದ ಕೆಲಸ; ಉಜ್ಜಿದರೂ ತತ್ವ ಅರ್ಥವಾಗಲು ಸಾಕು. ಅವಳೂ ಇಬ್ಬರು ಗೆಳತಿಯರೂ ಜೋಡಿ ಬದಲಿಸುತ್ತ ನಾಲ್ಕು ಮಧ್ಯಾಹ್ನ ಉಜ್ಜಿದರು. ಗೋಳಮಾಪಕವನ್ನು ಮೂರೂ ಗಾಜುಗಳ ಮೇಲಿಟ್ಟಾಗ ಅಂಕಿಗಳು 0.01 ಮಿಮೀ ಒಳಗೆ ಒಂದೇ ಬಂದವು. ನನಗೆ ಖುಷಿಯಾಯಿತು. ಅವಳಿಗೆ ಆಗಲಿಲ್ಲ. ಮನೆಗೆ ಹೋಗಿ ಲೆಕ್ಕ ಮಾಡಿಕೊಂಡು ಬಂದು ಹೇಳಿದಳು: ಜೀನಿನಾಕಾರದ ಮೇಲ್ಮೈಯಲ್ಲಿ ಗೋಳಮಾಪಕದ ಮೂರು ಕಾಲುಗಳ ಎತ್ತರವನ್ನು ಕೂಡಿದರೆ, ಅದನ್ನು ಹೇಗೆ ತಿರುಗಿಸಿಟ್ಟರೂ, ನಡುಬಿಂದುವಿನ ಲೆಕ್ಕದಲ್ಲಿ ಸೊನ್ನೆಯೇ ಬರುತ್ತದೆ. ಮೂರು ಕಾಲಿನ ಉಪಕರಣಕ್ಕೆ ತಿರುಚು ಕಾಣುವುದೇ ಇಲ್ಲ. ಇಷ್ಟು ವರ್ಷ ಆ ಉಪಕರಣ ಹಿಡಿದು ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಗಾಜುಗಳನ್ನು 90 ಡಿಗ್ರಿ ತಿರುಗಿಸಿ ಮತ್ತೆ ಒಂದರ ಮೇಲೊಂದು ಇಟ್ಟೆವು. ಮೇಸ್ತ್ರಿ ಮಾಡಿದಂತೆ ಮೂಲೆಗಳನ್ನು ಬೆರಳಿನಿಂದ ತಟ್ಟಲು ಹೇಳಿದೆ. ಮೂರನೆಯ ಮೂಲೆಯಲ್ಲಿ ಸಣ್ಣಗೆ 'ಟಕ್' ಎಂದಿತು. ಅವರು ಮತ್ತೆ ಪುಡಿಯ ಡಬ್ಬಿ ತೆರೆದರು.